ತಂಗಿಯ ಹಲ್ಲು, ನನ್ನ ಕುಸುರೆಳ್ಳು

ನನಗೆ ನನ್ನ ತಂಗಿಯ ಹಲ್ಲಿನ ಮೇಲೆ ಹೊಟ್ಟೆಕಿಚ್ಚು. ಊರಾಚೆಯ ಹೊಸ ಬಡಾವಣೆ ಗಚ್ಚಿಬೌಲಿಯಲ್ಲಿ ಮೋಡಕ್ಕೆ ತಾಗುವಂಥ ಅವಳ ಫ್ಲ್ಯಾಟು, ಐಟಿ ಕಂಪನಿಯವರು ಮನೆಬಾಗಿಲಿಗೆ ಕಳಿಸುವ ಕ್ಯಾಬು, ಇವನ್ನೆಲ್ಲ ನಾನು ತಾರ್ನಾಕದ ಹಳೆಯ ಮನೆಯಲ್ಲಿ ಕೂತು ಹೇಗೋ ನುಂಗಿಕೊಂಡಿದ್ದೆ. ಹಲ್ಲು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಯಾಕೆಂದರೆ ನಮ್ಮಿಬ್ಬರದೂ ಅಪ್ಪನ ಹಲ್ಲು. ಸಾಲಿನಲ್ಲಿ ಜಾಗ ಸಾಲದೆ ಮೇಲಿನ ಕೋರೆಹಲ್ಲೊಂದು ಪಕ್ಕದ್ದರ ಹೆಗಲೇರಿ ಕೂತಿದೆ. ಅಪ್ಪ ಬಾಗಲಕೋಟೆಯಿಂದ ಈ ತೆಲುಗು ಊರಿನ ಸರ್ಕಾರಿ ಕಾರ್ಖಾನೆಗೆ ಬರುವಾಗ ಟ್ರಂಕಿನ ಜೊತೆ ತಂದ ಆಸ್ತಿ ಅದೊಂದೇ. ಅವನು ತೀರಿಕೊಂಡ ಮೇಲೂ ನಾವಿಬ್ಬರು ನಕ್ಕರೆ ಸಾಕು, ಯಾರ ಮಕ್ಕಳೆಂದು ಹೇಳಬೇಕಾಗಿರಲಿಲ್ಲ. ಕವಿಗಳು ಚೆಲುವೆಯರ ಹಲ್ಲನ್ನು ದಾಳಿಂಬೆ ಬೀಜಕ್ಕೆ ಹೋಲಿಸುತ್ತಾರಲ್ಲ, ದಾಳಿಂಬೆ ಬಿಡಿಸಿದವರಿಗೆ ಗೊತ್ತು, ಆ ಬೀಜಗಳೂ ಒಂದನ್ನೊಂದು ತಳ್ಳಿಕೊಂಡೇ ಕೂತಿರುತ್ತವೆ. ನಮ್ಮ ಮನೆತನವನ್ನು ನೋಡಿಯೇ ಬರೆದಿರಬೇಕು.

ಹೀಗೆ ನೆಮ್ಮದಿಯಾಗಿದ್ದಾಗ ತಂಗಿ ವಿದ್ಯಾ ಅಲೈನರ್ ಹಾಕಿಸಿಕೊಂಡಳು. ತಂತಿಯಿಲ್ಲ; ಹಲ್ಲಿಗೆ ತೊಡಿಸುವ, ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ಕಿನ ಕವಚ. ಆಗಾಗ ಹೊಸದು ಬರುತ್ತದೆ, ಪ್ರತಿಯೊಂದೂ ಹಲ್ಲನ್ನು ತುಸುತುಸುವೇ ಸರಿಸುತ್ತದೆ. ತಿನ್ನುವಾಗ ತೆಗೆಯಬೇಕು, ತಿಂದು ಹಲ್ಲುಜ್ಜಿ ಮತ್ತೆ ತೊಡಬೇಕು. "ಹಾಕ್ಕೊಂಡಿದ್ದು ಯಾರಿಗೂ ಗೊತ್ತ ಆಗೂದಿಲ್ಲ ಅಕ್ಕಾ," ಎಂದಳು. ನನಗೆ ಅದಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ನನ್ನ ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬೆರಳು ನೋಯಿತು, ಅಷ್ಟೇ.

ಸಂಕ್ರಾಂತಿಗೆ ವಿದ್ಯಾ ಮನೆಗೆ ಬಂದಳು. ನಮ್ಮ ಕಡೆಯವರ ಮನೆಯಲ್ಲಿ ಹಬ್ಬದ ದಿನ ತಿನ್ನಲು ಕೊಟ್ಟದ್ದನ್ನು ಬೇಡ ಎನ್ನುವ ಹಾಗಿಲ್ಲ. ಆ ಸಂಪ್ರದಾಯದ ಮೇಲೆ ನನಗೆ ಅಂದು ವಿಪರೀತ ಭಕ್ತಿ ಹುಟ್ಟಿತು. ಸಜ್ಜೆ ರೊಟ್ಟಿ ಕೊಟ್ಟೆ. ಕವಚ ತೆಗೆದಳು, ತಿಂದಳು, ಉಜ್ಜಿದಳು, ತೊಟ್ಟಳು. ತೊಟ್ಟ ಕೂಡಲೇ ಶೇಂಗಾ ಹೋಳಿಗೆ. ಮತ್ತೆ ಉಜ್ಜಿ ಬಂದರೆ ಚಹಾ.

"ಸಾಕ ಬಿಡಬೇ ಅಕ್ಕಾ, ಕೈ ಮುಗೀತೀನಿ."

"ಹಬ್ಬದಾಗ ಒಲ್ಲೆ ಅನಬಾರ್ದು," ಎಂದೆ ಅವ್ವನ ದನಿಯಲ್ಲಿ.

ಬೇಸತ್ತು ಅವಳು ಕವಚವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಕೈಗೆ ಸಿಕ್ಕ ತಟ್ಟೆಯಲ್ಲಿಟ್ಟಳು. ಅದು ನನ್ನ ಕುಸುರೆಳ್ಳಿನ ತಟ್ಟೆ. ಸಕ್ಕರೆ ಪಾಕದಲ್ಲಿ ಮುಳ್ಳೆಬ್ಬಿಸಿದ ಆ ಎಳ್ಳನ್ನು ಬಂದವರಿಗೆ ಹಂಚಲು ನಾನೂ ಅಂಥದೇ ಕಾಗದದಲ್ಲಿ ಪೊಟ್ಟಣ ಕಟ್ಟಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ತೆಲುಗು ಅಜ್ಜಿ ಬಂದರು. ಕುಂಕುಮ ಕೊಟ್ಟು, ಕೈಗೆ ಒಂದು ಪೊಟ್ಟಣವಿಟ್ಟು ಕಳಿಸಿದೆ.

ಚಹಾ ಮುಗಿಸಿದ ವಿದ್ಯಾ ಪೊಟ್ಟಣಗಳನ್ನೆಲ್ಲ ಬಿಚ್ಚತೊಡಗಿದಳು. ಎಲ್ಲದರಲ್ಲೂ ಕುಸುರೆಳ್ಳು. "ಅಕ್ಕಾ, ನನ್ನ ಹಲ್ಲ ಎಲ್ಲೈತಿ?" ಎಂದು ಅವಳು ಅಳುಮುಖ ಮಾಡುವುದಕ್ಕೂ ಅಜ್ಜಿ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಅವರ ಅಂಗೈಯಲ್ಲಿ ಹಲ್ಲಿನ ಸಾಲು ಹೊಳೆಯುತ್ತಿತ್ತು.

"ಇದಿ ನಾದಿ ಕಾದಮ್ಮಾ," ಎಂದರು, ಇದು ನನ್ನದಲ್ಲಮ್ಮ ಎಂದು. ಅನುಮಾನ ಉಳಿಯದಿರಲೆಂದು ಬಾಯಿ ತೆರೆದು ತಮ್ಮ ಕಟ್ಟಿಸಿದ ಹಲ್ಲನ್ನೂ ತೋರಿಸಿದರು.

ತೊಳೆಯಲೆಂದು ಕವಚವನ್ನು ನಲ್ಲಿಯಡಿ ಹಿಡಿದೆ. ಕೋರೆಹಲ್ಲಿನ ಜಾಗ ಹೆಚ್ಚುಕಡಿಮೆ ನೆಟ್ಟಗಾಗಿತ್ತು. ಅಪ್ಪ ಅಲ್ಲಿಂದ ಮುಕ್ಕಾಲು ಪಾಲು ಹೊರಟುಹೋಗಿದ್ದ. ನನಗೆ ತಡೆಯಲಾಗಲಿಲ್ಲ. "ಭಾಳ ಚಂದ ಆಗಾಕತ್ತಾವ ನಿನ್ನ ಹಲ್ಲು. ನನಗ ಹೊಟ್ಟೆಕಿಚ್ಚು ಆಗೇತಿ," ಎಂದುಬಿಟ್ಟೆ.

ವಿದ್ಯಾ ಕವಚವನ್ನು ತೊಡದೆ ಕೈಯಲ್ಲೇ ಹಿಡಿದು ನನ್ನ ಬಾಯಿಯನ್ನೇ ನೋಡಿದಳು. "ನನಗೂ ಆಗತೈತಿ ಅಕ್ಕಾ. ನೀ ನಕ್ರ ಇನ್ನೂ ಅಪ್ಪ ಕಾಣ್ತಾನ. ನಾ ನಕ್ರ ಬರೇ ನಾನ ಕಾಣ್ತೀನಿ."

ಅಂದಿನಿಂದ ಅವಳೆದುರು ನಾನು ಸ್ವಲ್ಪ ಹೆಚ್ಚೇ ನಗುತ್ತೇನೆ. ಅವಳ ಹೊಟ್ಟೆಯೂ ಒಂದಿಷ್ಟು ಉರಿಯಲಿ.