ಗೊಪ್ಪೆ ತೊಳೆದ ಕಟ್ಟೆ

ಆಗೆಲ್ಲ ನಮ್ಮೂರಿನವರಿಗೆ ರೈನ್‌ಕೋಟು ಅಂದರೆ ಗೊಬ್ಬರದ ಖಾಲಿ ಚೀಲ. ಅದರ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತೂರಿಸಿ ತಲೆಗೆ ಹಾಕಿಕೊಂಡರೆ ಗೊಪ್ಪೆ. ಅಕ್ಕಿಹೆಬ್ಬಾಳಿನ ರೈಲಿನ ಸದ್ದು ಕೇಳುವಷ್ಟು ಹತ್ತಿರದ ಪುಟ್ಟ ಊರು ನಮ್ಮದು. ಜನಕ್ಕೂ ದನಕ್ಕೂ ಕುಡಿಯಲು ಒಂದೇ ಕಟ್ಟೆ.

ನನಗೆ ಒಂಬತ್ತು ವರ್ಷವಾಗಿದ್ದ ಬೇಸಿಗೆಯ ಕೊನೆಯಲ್ಲಿ ನನ್ನದೇ ಆದ ಚೀಲ ಸಿಕ್ಕಿತು. ಹಿಗ್ಗಿನಲ್ಲಿ ಕಟ್ಟೆಯ ಮೆಟ್ಟಿಲ ಮೇಲೆ ಕೂತು, ಒಳಗೆ ಅಂಟಿದ್ದ ಗೊಬ್ಬರವನ್ನೆಲ್ಲ ಜಾಲಾಡಿ ತೊಳೆದೆ. ಕೆಲವೇ ದಿನಗಳಲ್ಲಿ ನೀರಿನ ಮೇಲೆ ಬಣ್ಣ ಕದಡಿದ ಹಾಗೆ ಹಸಿರು ಪಾಚಿ ಕಟ್ಟಿತು. ಕೆಸರು ವಾಸನೆ ಬೇರೆ. ಅವ್ವ ಸೆರಗಿನಲ್ಲಿ ಸೋಸಿ, ಕಾಯಿಸಿ ಕೊಡುತ್ತಿದ್ದಳು. "ಬೆಂದ ನೀರು ಏನೂ ಮಾಡಕಿಲ್ಲ, ಕುಡಿ ಕಣಮ್ಮಿ."

ಒಂದು ಮಧ್ಯಾಹ್ನ ಕಟ್ಟೆಯಲ್ಲಿ ನೀರು ಕುಡಿದು ಬಂದ ನಮ್ಮ ಚೊಚ್ಚಲ ಗಬ್ಬದ ಹಸು ಕೆಂಪಿ, ಜೊಲ್ಲು ಸುರಿಸುತ್ತಾ ಕುಸಿದುಬಿದ್ದಳು. ದನದ ಡಾಕ್ಟರು ಓಡಿಬಂದು ಇದ್ದಿಲ ಪುಡಿಯ ಔಷಧಿ ಕುಡಿಸಿದರು. ಆಮೇಲೆ ಸೋನೆ ಮಳೆಯಲ್ಲೇ ಕಟ್ಟೆಗೆ ನಡೆದರು. ಊರೆಲ್ಲ ಹಿಂದೆ ಹೋಯಿತು.

"ಈ ನೀರು ಯಾರೂ ಮುಟ್ಟಬೇಡಿ. ಕಾಯಿಸಿದರೂ ಈ ಪಾಚಿಯ ವಿಷ ಹೋಗಲ್ಲ. ಗೊಬ್ಬರ ಬಿದ್ದರೆ ಪೈರು ಹೆಂಗೋ ಪಾಚೀನೂ ಹಂಗೇ ಹುಲುಸಾಗಿ ಬೆಳೆಯುತ್ತೆ. ಇಲ್ಲಿ ಚೀಲ ತೊಳೆದವರು ಯಾರು?"

"ನಾನೇ ತೊಳ್ದಿದ್ದು ಡಾಕ್ಟ್ರೇ. ಕೆಂಪಿ ಸತ್ತೋಯ್ತಾಳಾ?" ಎಂದು ಗೊಳೋ ಎಂದು ಅತ್ತುಬಿಟ್ಟೆ.

ಡಾಕ್ಟರು ನನ್ನನ್ನು ಬಿಟ್ಟು ಸುತ್ತ ನಿಂತವರನ್ನು ನೋಡಿದರು. ಒಂದೊಂದು ತಲೆಯ ಮೇಲೂ ಬೆಳ್ಳಗೆ ತೊಳೆದ ಗೊಪ್ಪೆ! ಮೊದಲು ಅಪ್ಪ ಮೆಲ್ಲಗೆ ತನ್ನದನ್ನು ತೆಗೆದು ಕಂಕುಳಲ್ಲಿ ಅಡಗಿಸಿಕೊಂಡ. ಆಮೇಲೆ ಒಬ್ಬೊಬ್ಬರೇ ತೆಗೆದು, ತಲೆ ತಗ್ಗಿಸಿ ನೆನೆಯುತ್ತಾ ನಿಂತರು. ಅವ್ವ ನನ್ನನ್ನು ತಬ್ಬಿಕೊಂಡು, "ಅಳಬ್ಯಾಡ ಸುಮ್ಕಿರು. ನೀನು ತೊಳ್ದಿದ್ದು ಒಂದು, ನಾನು ಮೂರು" ಎಂದಳು.

ಮೂರನೇ ದಿನ ಕೆಂಪಿ ಎದ್ದು ಹುಲ್ಲಿಗೆ ಬಾಯಿ ಹಾಕಿದಳು. ನನಗೆ ಹೋದ ಜೀವ ಬಂದಂತಾಯಿತು. ಊರವರು ಕಟ್ಟೆ ಬರಿದು ಮಾಡಿ ಹೂಳೆತ್ತಿದರು. ಹೊಸ ನೀರು ತುಂಬುವವರೆಗೆ ಪಕ್ಕದೂರಿನ ಬೋರಿನಿಂದ ಟ್ರಾಕ್ಟರಿನಲ್ಲಿ ನೀರು ಬಂತು. ಚೀಲ ತೊಳೆಯಲು ಹೊಲದಾಚೆ ಒಂದು ಗುಂಡಿಯಾಯಿತು. ಮುಂದಿನ ಬೇಸಿಗೆಯಲ್ಲಿ ಕಟ್ಟೆಯ ನೀರು ತಿಳಿಯಾಗಿ ತಳದ ಕಲ್ಲು ಕಾಣುತ್ತಿತ್ತು.

ಈಗ ನಾನಿರುವ ಬಡಾವಣೆಯಲ್ಲಿ ಮನೆಮನೆಗೂ ನಲ್ಲಿ. ಮೊನ್ನೆ ಅದರಲ್ಲಿ ಅದೇ ಕೆಸರು ವಾಸನೆ ಬಂತು. ಬೀದಿಯವರೆಲ್ಲ ನೀರಿನ ಕಚೇರಿಗೆ ಫೋನು ಮಾಡಿ ಬೈದೆವು; ಸದ್ಯ, ಸಂಜೆಗೆ ಸರಿಹೋಯಿತು. "ನಾನೇ" ಎಂದು ಅತ್ತವರು ಒಬ್ಬರೂ ಇರಲಿಲ್ಲ. ಆ ನೀರು ಎಲ್ಲಿಂದ ಬರುತ್ತದೆ ಎಂಬುದೇ ನಮಗೆ ಗೊತ್ತಿಲ್ಲ, ನನಗೂ.