ಗಿಡದ ಗೆರೆಗಿಂತ ಮೇಲೆ

ಅವರ ಹಿಮ್ಮಡಿಯ ಬಿರುಕುಗಳಲ್ಲಿ ಉಪ್ಪು ಬಿಳಿ ಗೆರೆಗಳಾಗಿ ಕೂತಿರುತ್ತಿತ್ತು. ಬೈಂದೂರು ಕಡೆಯ ನಮ್ಮೂರ ಕಡಲದಂಡೆಯಲ್ಲಿ ಸಿಗಡಿ, ಅಲ್ಲಿಯ ಮಾತಿನಲ್ಲಿ ಚಟ್ಲಿ, ಒಣಗಿಸುತ್ತಿದ್ದ ಅವರನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ; ಸಂಬಂಧವೇನೂ ಇರಲಿಲ್ಲ. ಹಿಂದೆ ಅಲ್ಲಿ ಎಂಟು ಹೆಂಗಸರು ಬಲೆ ಹಾಸುತ್ತಿದ್ದರಂತೆ. ನಾನು ಹೋಗತೊಡಗಿದಾಗ ಉಳಿದಿದ್ದವರು ಅವರೊಬ್ಬರೇ.

ನಾನು ಹೋಗುತ್ತಿದ್ದುದು ಒಂದು ಗಿಡದ ಲೆಕ್ಕಕ್ಕೆ. ಕುಂದಾಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೆ. ಸೇವಂತಿಗೆಯ ಕುಟುಂಬಕ್ಕೆ ಸೇರಿದ, ಮರಳಿಗೆ ಅಂಟಿಕೊಂಡೇ ಬೆಳೆಯುವ, ಹಳದಿ ಹೂವಿನ ಗಿಡ ಅದು. ಎಲೆ ಮುರಿದರೆ ಹಾಲು ಒಸರುತ್ತದೆ. ಬೆಳಿಗ್ಗೆ ಅರಳಿದ ಹೂವು ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಭಾನುವಾರ ಏಳು ಗಂಟೆಗೆ ಹೋಗಿ ಗಿಡ, ಹೂವು, ಆ ವಾರ ಅಲೆ ಎಲ್ಲಿಯವರೆಗೆ ಬಂದಿದೆ, ಮೂರನ್ನೂ ಬರೆಯುತ್ತಿದ್ದೆ. ಜೊತೆಗೆ ಬರುವವರು ಯಾರೂ ಇರಲಿಲ್ಲ. ಇಡೀ ದಂಡೆಯಲ್ಲಿ ನಾವಿಬ್ಬರೇ, ನಡುವೆ ಐವತ್ತು ಹೆಜ್ಜೆ.

ಮೊದಲ ಭಾನುವಾರ ಅವರೇ ಕೂಗಿದರು.

“ಹ್ವಾಯ್, ಎಂತ ಹುಡ್ಕುದ್? ಕೆಮಿ ಓಲೆ ಬಿತ್ತಾ?”

“ಇಲ್ಲ ದೊಡ್ಡಮ್ಮ, ಗಿಡ ಎಣ್ಸುದ್. ನೂರಾ ಅರವತ್ಮೂರ್ ಆಯ್ತ್.”

ಅವರು ಬಂದು ಕುಕ್ಕರಗಾಲಲ್ಲಿ ಕೂತು, ಎರಡು ಗಿಡಗಳ ನಡುವಿನ ಮರಳನ್ನು ಬೆರಳಿಂದ ಸರಿಸಿದರು. ನೂಲಿನಂಥ ಬಳ್ಳಿ ಕಂಡಿತು. ಅದನ್ನು ಮೆಲ್ಲಗೆ ಎಳೆದರೆ ಮೂರನೆಯ ಗಿಡವೂ ಅಲುಗಿತು.

“ಕಾಣ್ ಹೆಣೆ, ಎಲ್ಲ ಒಂದೇ. ಒಂದ್ ಮನಿ ಬಾಗ್ಲೆಲ್ಲ ಎಣ್ಸಿ ಇಷ್ಟ್ ಮನಿ ಇತ್ತ್ ಅಂದಂಗ್ ಆಯ್ತ್ ನಿನ್ ಲೆಕ್ಕ!”

ಬಳ್ಳಿ ಹಿಡಿದು ಮತ್ತೆ ಎಣಿಸಿದಾಗ ನೂರಾ ಅರವತ್ಮೂರು ಹನ್ನೊಂದಕ್ಕೆ ಇಳಿಯಿತು.

ಅವರ ಕೆಲಸವೂ ಆ ಗಿಡವನ್ನೇ ನಂಬಿತ್ತು. ಬಲೆಯನ್ನು ಯಾವಾಗಲೂ ಗಿಡದ ಗೆರೆಗಿಂತ ಮೇಲೆ ಹಾಸಿ ಸಿಗಡಿ ಹರಡುತ್ತಿದ್ದರು. “ಇದ್ ಬೇರ್ ಬಿಟ್ಟಲ್ಲಿಗೆ ನೀರ್ ಬತ್ತಿಲ್ಲೆ, ಮಳ್ಗಾಲದಗೂ,” ಎನ್ನುತ್ತಿದ್ದರು. ಬಳ್ಳಿ ಬಲೆಯಡಿಗೆ ನುಸುಳಿದರೆ ಕೀಳದೆ, ಎತ್ತಿ ಬೇರೆ ಕಡೆಗೆ ತಿರುಗಿಸುತ್ತಿದ್ದರು. ಜ್ವರ ಬಂದು ನಾನು ಒಂದು ಭಾನುವಾರ ತಪ್ಪಿಸಿದೆ. ಮುಂದಿನ ವಾರ ಅವರೇ ಹೇಳಿದರು: “ಹ್ವಾದ್ ವಾರ ಇಪ್ಪತ್ತೇಳ್ ಹೂಗ್ ಇದ್ದಿತ್ತ್, ಬರ್ಕೊ.” ನಾನೇ ನೋಡಿದ್ದಲ್ಲವೆಂದು ಅದನ್ನು ಪೆನ್ಸಿಲಿನಲ್ಲಿ ಬರೆದುಕೊಂಡೆ.

ಬೇಸಿಗೆಯ ಕೊನೆಗೆ ಕಡಲ್ಕೊರೆತ ತಡೆಯುವ ಗೋಡೆಗೆ ಜಾಗ ನೋಡಲು ಎಂಜಿನಿಯರ್ ಒಬ್ಬರು ಬಂದರು. ಸುಣ್ಣದ ಗುರುತು ಬಿದ್ದದ್ದು ಗಿಡಗಳ ಮೇಲೆ ಮತ್ತು ಒಣಗಿಸುವ ಜಾಗದ ಮೇಲೆ. ದೊಡ್ಡಮ್ಮ ಸಿಗಡಿ ಹರಡುವುದನ್ನು ಬಿಟ್ಟು ಓಡಿ ಬಂದರು.

“ಸಾರ್, ಕಲ್ಲ್ ಕೆಳ್ಗೆ ಹಾಕಿ. ನೀರ್ ಈ ಗಿಡ ದಾಟುದಿಲ್ಲ. ಇಲ್ಲ್ ಹಾಕ್ರೆ ನಂಗೆ ಚಟ್ಲಿ ಒಣ್ಗ್ಸುಕೆ ಜಾಗವೇ ಇಲ್ಲೆ.”

“ಗಿಡ ನೋಡ್ಕೊಂಡು ಗೋಡೆ ಕಟ್ಟೋಕಾಗುತ್ತೇನಮ್ಮ?”

“ಈ ಹೆಣ್ಣಿನ್ ಹತ್ರ ಕೇಣಿ. ಎಲ್ಲ ಬರ್ದ್ ಇಟ್ಟಿತ್ತ್.”

ಎಂಜಿನಿಯರ್ ನನ್ನತ್ತ ತಿರುಗಿದರು. ಎಂಟು ತಿಂಗಳ ಭಾನುವಾರಗಳು ನನ್ನ ಕೈಯಲ್ಲಿದ್ದವು. ಒಂದು ವಾರವೂ ನೀರು ಗಿಡವನ್ನು ಮುಟ್ಟಿರಲಿಲ್ಲ.

“ಮಳೆಗಾಲದ ಲೆಕ್ಕ ಬಾಕಿ ಇದೆ ಸಾರ್. ಈಗಲೇ ಏನೂ ಹೇಳ್ಲಿಕ್ಕಾಗುದಿಲ್ಲ,” ಎಂದೆ.

ಮಳೆಗಾಲದ ಲೆಕ್ಕ ನನ್ನ ಪಕ್ಕದಲ್ಲೇ ನಿಂತವರ ಬಳಿ ನಲವತ್ತು ವರ್ಷದ್ದಿತ್ತು. ಅದು ಆಗ ಹೊಳೆಯಲಿಲ್ಲ. ದೊಡ್ಡಮ್ಮ ನನ್ನನ್ನು ಒಮ್ಮೆ ನೋಡಿ, ಸಿಗಡಿ ಮಗುಚಲು ಹೋದರು.

ಎರಡು ವಾರದಲ್ಲಿ ಆ ಗುರುತಿನ ಮೇಲೆಯೇ ಕಲ್ಲು ಬಿತ್ತು. ಅವರು ಕೆಲವು ದಿನ ಡಾಂಬರು ರಸ್ತೆಯ ಅಂಚಿನಲ್ಲಿ ಬಲೆ ಹಾಸಿದರು. ವಾಹನಗಳ ದೂಳು ತುಂಬಿದ ಸಿಗಡಿಯನ್ನು ಯಾರೂ ಕೊಳ್ಳಲಿಲ್ಲ. ಆ ಕೆಲಸವೇ ನಿಂತಿತು. ಮಳೆ ಬಿಡುವ ಮೊದಲೇ ಅವರು ತೀರಿಕೊಂಡರು.

ನಾನು ಎಣಿಕೆ ನಿಲ್ಲಿಸಲಿಲ್ಲ. ಕೊಡೆ ಹಿಡಿದು ಹದಿನಾರು ಭಾನುವಾರ ಒಬ್ಬಳೇ ಹೋದೆ. ಗಿಡ ಸೊನ್ನೆ, ಹೂವು ಸೊನ್ನೆ. ಹದಿನಾರು ವಾರವೂ ಅಲೆ ಕೆಳಗಿನ ಸಾಲಿನ ಕಲ್ಲನ್ನು ಮುಟ್ಟದೆ, ಒಂದು ಮಾರು ದೂರದಿಂದಲೇ ಹಿಂದೆ ಹೋಯಿತು. ಲೆಕ್ಕ ಪೂರ್ತಿಯಾದ ಮೇಲೆ ಪ್ರತಿ ಮಾಡಿಸಿ ಆ ಎಂಜಿನಿಯರರ ಕಚೇರಿಗೆ ಒಯ್ದೆ.

“ಅಲ್ಲಿ ಇಟ್ಟು ಹೋಗಿ,” ಎಂದರು ಗುಮಾಸ್ತರು.

ಇಟ್ಟು ಬಂದೆ.