ಮೋಡದಲ್ಲಿ ಹಾರಿದ ಕಪ್ಪು ಚಿಟ್ಟೆ

ರಫೂ ಅಕ್ಕನನ್ನು ಮುಖಕ್ಕೆ ಹೊಡೆದಂತೆ ಸುಳ್ಳುಬುರುಕಿ ಎಂದು ಕರೆದವರು ಆ ಬೀದಿಯಲ್ಲಿ ಒಬ್ಬರೇ ಒಬ್ಬರು, ಪೋಸ್ಟ್ ಮಾವ. ಅದೂ ಯಾವ ಘನಂದಾರಿ ವಿಷಯಕ್ಕೆ ಅಂತೀರಿ? ಒಂದು ಚಿಟ್ಟೆಯ ವಿಷಯಕ್ಕೆ!

ಅಕ್ಕನಿಗೆ ಐವತ್ತನಾಲ್ಕು ವರ್ಷ. ತಮ್ಮನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ, ಬೀದಿಯ ಕಡೆಯ ದೊಡ್ಡ ಗಾಜಿನ ಕಿಟಕಿಗೆ ಅಂಟಿಕೊಂಡಂತೆ ಒಂದು ಕುರ್ಚಿ, ಒಂದು ಮೇಜು. ಮೂವತ್ತೊಂದು ವರ್ಷದಿಂದ ಆಕೆಯ ಸಾಮ್ರಾಜ್ಯ ಇಷ್ಟೇ. ಸಿಗರೇಟಿನ ಕಿಡಿ ಬಿದ್ದು ತೂತಾದ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ಶಾಲು, ನುಸಿ ತಿಂದ ಉಣ್ಣೆಯ ಕೋಟು, ಏನೇ ಬರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ಅಡ್ಡಕ್ಕೊಂದು ಉದ್ದಕ್ಕೊಂದು ನೇಯ್ದು, ಅಲ್ಲಿ ತೂತು ಇತ್ತೆಂದರೆ ಯಾರೂ ನಂಬದ ಹಾಗೆ ಮಾಡಿಕೊಡುತ್ತಿದ್ದಳು. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಆ ಕೆಲಸಕ್ಕೆ ರಫೂ ಎನ್ನುವುದರಿಂದ ಎಲ್ಲರಿಗೂ ರಫೂ ಅಕ್ಕ. ಪೋಸ್ಟ್ ಮಾವನಿಗೆ ಬರೀ ರಫೂ.

ಪೋಸ್ಟ್ ಮಾವ ಎದುರು ಮನೆಯವರು. ಅಂಚೆ ಹಂಚಿ ಹಂಚಿ ಕಾಲು ಸವೆಸಿ ನಿವೃತ್ತರಾದ ಮೇಲೆ, ಕೂತಲ್ಲಿ ಕೂರಲಾರದೆ, ಅಕ್ಕನೊಂದಿಗೆ ಒಂದು ಪಂದ್ಯ ಕಟ್ಟಿದ್ದರು. ಚಳಿ ಮುಗಿದು ಬೀದಿಗೆ ಬರುವ ಮೊದಲ ಚಿಟ್ಟೆಯನ್ನು ಯಾರು ನೋಡುತ್ತಾರೆ? ಸೋತವರು ವರ್ಷಪೂರ್ತಿ ಗೆದ್ದವರ ಜಂಭ ಕೇಳಿಸಿಕೊಳ್ಳಬೇಕು. ಹದಿನಾಲ್ಕು ವರ್ಷದಲ್ಲಿ ಅಕ್ಕ ಒಂಬತ್ತು ಸಲ ಗೆದ್ದಿದ್ದಳು. ನಿಯಮಗಳೆಲ್ಲ ಮಾವನವೇ. ಹಾರುವುದನ್ನೇ ನೋಡಿರಬೇಕು. ನೋಡಿದ ಕೂಡಲೇ ಅಂಗಡಿಯ ಕ್ಯಾಲೆಂಡರಿನಲ್ಲಿ ಹೊತ್ತು, ಬಣ್ಣ ಬರೆಯಬೇಕು. ಬಿಸಿಲಿರಲೇಬೇಕು, ಯಾಕೆಂದರೆ ರೆಕ್ಕೆ ಬೆಚ್ಚಗಾಗದೆ ಚಿಟ್ಟೆ ಏಳುವುದಿಲ್ಲ.

ಆ ವರ್ಷ ಹವೆಗೆ ಹುಚ್ಚು ಹಿಡಿದಿತ್ತು. ಬೆಳಿಗ್ಗೆ ಬಿಸಿಲು ಅಂದುಕೊಳ್ಳುವಷ್ಟರಲ್ಲಿ ಗಾಳಿ, ಗಾಳಿ ಅಂದುಕೊಳ್ಳುವಷ್ಟರಲ್ಲಿ ಆಲಿಕಲ್ಲು. ಜನ ಕೋಟನ್ನು ಒಗೆಯಲು ಕೊಟ್ಟು ಸಂಜೆಗೇ ವಾಪಸ್ ಕೇಳಿ ತಮ್ಮನ ತಲೆ ತಿನ್ನುತ್ತಿದ್ದರು. ಅಕ್ಕ ಮಾತ್ರ ಸೂಜಿಗೊಂದು ಕಣ್ಣು, ಎದುರಿನ ಮುಳ್ಳುಬೇಲಿಗೊಂದು ಕಣ್ಣು ಇಟ್ಟುಕೊಂಡು ಕಾಯುತ್ತಿದ್ದಳು.

ಮಂಗಳವಾರ ಬಂತು. ಗಾಜಿನ ಎಡಗಡೆಯಿಂದ ಸಣ್ಣದೊಂದು ಕಪ್ಪು ಚಿಟ್ಟೆ ಪಟಪಟನೆ ತೇಲಿ, ಬೇಲಿಯ ಮೇಲೆ ಹಾದು, ಕೆಳಗಿಳಿದು ಮಾಯವಾಯಿತು. ಅಕ್ಕ ಎದ್ದವಳೇ ಕ್ಯಾಲೆಂಡರಿನ ಚೌಕದಲ್ಲಿ ಬರೆದಳು: ಹನ್ನೊಂದು ಇಪ್ಪತ್ತು, ಕಪ್ಪು, ಸಣ್ಣದು.

ಮಧ್ಯಾಹ್ನದ ಚಹಾಕ್ಕೆ ಬಂದ ಮಾವ ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು.

"ಹನ್ನೊಂದು ಇಪ್ಪತ್ತಕ್ಕೆ ಬಿಸಿಲಿತ್ತಾ?"

"ಇದ್ದಿರ್ಬೇಕು."

"ಇದ್ದಿರ್ಬೇಕು ಅಂದ್ರೇನೇ? ಹನ್ನೊಂದಕ್ಕೆ ಕಪ್ಪು ಮೋಡ ಕವೀತು, ಹಗ್ಗದ ಮೇಲಿನ ಬನಿಯನ್ ಒಳಗೆ ತಂದೆ. ಹನ್ನೆರಡಾದ್ರೂ ಹೊರಗೆ ಹಾಕಿಲ್ಲ. ಆ ಮೋಡದಲ್ಲಿ ಚಿಟ್ಟೆ ಹಾರ್ತಂತೆ! ಅದೂ ಕಪ್ಪು! ಯಾವ ವರ್ಷ ಕಪ್ಪು ಮೊದ್ಲು ಬಂದಿದೆ ಹೇಳು ನೋಡೋಣ."

"ಮಾವ, ಸೋತ್ರೆ ಸೋತೆ ಅನ್ನಿ. ನನ್ನ ಕಣ್ಣಾರೆ ಕಂಡೆ."

"ಸುಳ್ಳುಬುರುಕಿ!"

ಚಹಾ ಕುಡಿಯದೆ ಹೊರಟೇಬಿಟ್ಟರು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಎಂಥ ಮನುಷ್ಯ! ಹಳಸಿದ ಹೊಟ್ಟೆಕಿಚ್ಚು! ಗೊಣಗುತ್ತ ಸೂಜಿಗೆ ದಾರ ಪೋಣಿಸಿ ತಲೆ ಎತ್ತಿದಳು. ಆ ಹೊತ್ತಿಗೆ ಸರಿಯಾಗಿ ತಮ್ಮ ಇಸ್ತ್ರಿ ಮೇಜಿನ ಮೇಲೆ ಒಗೆದ ಬಿಳಿ ಹಾಸುಬಟ್ಟೆ ಹರಡಿದ.

ಹಾಸುಬಟ್ಟೆಯ ಮೇಲೆ ಕಪ್ಪು ಚಿಟ್ಟೆ ಹಾರುತ್ತಿತ್ತು.

ಬಾಗಿಲು ಮುಚ್ಚಿತ್ತು. ಕಿಟಕಿ ಮುಚ್ಚಿತ್ತು. ಅಕ್ಕ ನಿಧಾನವಾಗಿ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿದಳು, ಚಿಟ್ಟೆ ಇತ್ತು. ಎಡಗಣ್ಣನ್ನು ಮುಚ್ಚಿದಳು, ಇರಲಿಲ್ಲ. ಮತ್ತೆ ತೆರೆದಳು. ಈಗ ಒಂದಲ್ಲ, ಸುತ್ತ ಮಸಿ ಸಿಡಿದ ಹಾಗೆ ಹತ್ತಾರು ಚುಕ್ಕೆಗಳು. ಕಣ್ಣು ಹೊರಳಿದ ಕಡೆಗೆ ಹೊರಳಿ, ನಿಂತಾಗ ಮೆಲ್ಲಗೆ ಕೆಳಗಿಳಿಯುತ್ತಿದ್ದವು.

"ಏನಕ್ಕ?" ಎಂದ ತಮ್ಮ.

"ಏನಿಲ್ಲ, ನೀನು ಇಸ್ತ್ರಿ ನೋಡ್ಕೋ, ಸುಟ್ಟೀತು."

ಏನಿಲ್ಲವೆಂದು ಬಾಯಿ ಹೇಳಿತು. ಆದರೆ ಆಕೆಗೆ ಅಮ್ಮ ನೆನಪಾಗಿದ್ದಳು. ಅಕ್ಕನಿಗೆ ಆಗ ಹನ್ನೆರಡು ವರ್ಷ, ತಮ್ಮ ಇನ್ನೂ ಚಿಕ್ಕವನು. ಒಂದು ದಿನ ಅಮ್ಮ ಊಟಕ್ಕೆ ಬಡಿಸುತ್ತ ಗಾಳಿಯಲ್ಲಿ ಕೈ ಬೀಸತೊಡಗಿದಳು. ಥೂ, ಈ ಸೊಳ್ಳೆ ಕಾಟ! ಮನೆಯಲ್ಲಿ ಸೊಳ್ಳೆ ಇರಲಿಲ್ಲ. ಅಕ್ಕ, ತಮ್ಮ ಇಬ್ಬರೂ ಬಿದ್ದು ಬಿದ್ದು ನಕ್ಕರು. ಇವತ್ತು ಎಷ್ಟು ಹಿಡಿದೆಯಮ್ಮ ಎಂದು ದಿನಾ ಕೇಳಿದರು. ಅಮ್ಮನೂ ನಕ್ಕು, ಎರಡು, ಮೂರು ಎಂದು ಲೆಕ್ಕ ಒಪ್ಪಿಸುತ್ತಿದ್ದಳು. ಮೂರು ವಾರದ ಮೇಲೆ, ಯಾರೋ ಪರದೆ ಎಳೆದ ಹಾಗಿದೆ ಕಣೇ ಎಂದಳು. ಒಂದು ಕಣ್ಣು ಹೋಯಿತು. ಮರುವರ್ಷ ಇನ್ನೊಂದೂ ಹೋಯಿತು. ಆಮೇಲೆ ಹನ್ನೊಂದು ವರ್ಷ ಅಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕೂತು, ಬಂದವರ ಮುಖವನ್ನು ಕೈಯಿಂದ ಸವರಿ ನೋಡುತ್ತಿದ್ದಳು. ಅವಳ ಬೆರಳಿನ ಈರುಳ್ಳಿ ವಾಸನೆ ಅಕ್ಕನ ಕೆನ್ನೆಗೆ ಇನ್ನೂ ಗೊತ್ತು.

ಹಾಗಾದರೆ ತಕ್ಷಣ ಡಾಕ್ಟರ ಹತ್ತಿರ ಓಡಬೇಕಿತ್ತಲ್ಲ ಎನ್ನುತ್ತೀರಿ. ನೀವು ಹೇಳುವುದು ಸುಲಭ, ಸ್ವಾಮಿ. ಹೋದರೆ ಅವರು ಹೌದು ಎಂದುಬಿಡುತ್ತಾರೆ. ಹೋಗದಿದ್ದರೆ ಇನ್ನೂ ಯಾರೂ ಹೌದು ಎಂದಿಲ್ಲ. ಅಕ್ಕ ಆ ಸಂದಿಯಲ್ಲಿ ಉಸಿರು ಬಿಗಿಹಿಡಿದು ಕೂತಳು.

ಎದುರಿನ ಕಟ್ಟಡಕ್ಕೆ ಹನ್ನೆರಡು ಕಿಟಕಿ. ಗಂಟೆಗೊಂದು ಸಲ ತಮ್ಮನ ಕಣ್ಣು ತಪ್ಪಿಸಿ, ಬಲಗಣ್ಣು ಮುಚ್ಚಿ, ಎಡಗಣ್ಣಲ್ಲಿ ಎಣಿಸುತ್ತಿದ್ದಳು. ಹನ್ನೆರಡು. ಸದ್ಯ! ಇನ್ನೊಂದು ಗಂಟೆ ಬದುಕಿದೆ. ಬುಧವಾರ ಆಲಿಕಲ್ಲು ಬಿದ್ದು ಎಲ್ಲ ಬೂದಿ ಬಣ್ಣವಾದಾಗ ಹನ್ನೊಂದೇ ಸಿಕ್ಕವು. ಜೀವ ಬಾಯಿಗೆ ಬಂತು. ಮತ್ತೆ ಎಣಿಸಿದಳು, ಹನ್ನೆರಡು. ಮತ್ತೆ, ಹನ್ನೆರಡು. ಸಂಜೆ ಒಂದು ಕೋಟು ತರಲು ಹಿಂದಿನ ಕೋಣೆಗೆ ಹೋದಾಗ ಎಡಗಡೆ ಫಳಕ್ಕೆಂದು ಬೆಳಕು ಮಿಂಚಿತು.

"ಲೋ, ಇಲ್ಲಿ ಬಲ್ಬು ಹೋಗೋ ಹಾಗಿದೆ, ಮಿಣುಕ್ತಾ ಇದೆ," ಎಂದು ಕೂಗಿದಳು.

"ಬಲ್ಬು ಹಾಕೇ ಇಲ್ವಲ್ಲಕ್ಕ," ಎಂದ ತಮ್ಮ.

ಅಕ್ಕ ನೇತುಹಾಕಿದ್ದ ಕೋಟುಗಳ ನಡುವೆ ಮುಖ ಹುದುಗಿಸಿ ಸುಮಾರು ಹೊತ್ತು ನಿಂತಿದ್ದಳು. ಅತ್ತರೆ ಕಣ್ಣಿಗೆ ಇನ್ನೇನಾಗುತ್ತದೋ ಎಂದು ಅಳಲೂ ಭಯ.

ಗುರುವಾರ ಬೆಳಿಗ್ಗೆ ಮಾವ ಬಂದರು. ಎರಡು ದಿನ ಮುನಿಸಿಕೊಂಡಿದ್ದವರಿಗೆ ಜಗಳವಿಲ್ಲದೆ ತಿಂದ ಅನ್ನ ಅರಗಿರಲಿಲ್ಲ. ಹೊಸ ವಾದ ಸಿದ್ಧಮಾಡಿಕೊಂಡೇ ಬಂದಿದ್ದರು. ಬಾಯಿ ತೆರೆಯುವ ಮೊದಲೇ ಅಕ್ಕ ಪೆನ್ನು ತೆಗೆದುಕೊಂಡು ಕ್ಯಾಲೆಂಡರಿನ ಮುಂದೆ ನಿಂತಳು.

"ನೀವು ಹೇಳಿದ್ದೇ ಸರಿ ಮಾವ. ಬಿಸಿಲಿರ್ಲಿಲ್ಲ. ಹೊಡೆದುಹಾಕ್ತೀನಿ."

ಹದಿನಾಲ್ಕು ವರ್ಷದಲ್ಲಿ ರಫೂ ಬಾಯಲ್ಲಿ "ನೀವೇ ಸರಿ" ಎಂಬ ಮಾತು ಬಂದದ್ದೇ ಇಲ್ಲ. ಮಾವನಿಗೆ ಗೆದ್ದ ಖುಷಿಯಾಗಲಿಲ್ಲ, ಗಾಬರಿಯಾಯಿತು.

"ಏನಾಯ್ತೇ ನಿಂಗೆ? ಹುಷಾರಿದೀಯಾ?"

"ಆ ಚಿಟ್ಟೆ ಹೊರಗಿರ್ಲಿಲ್ಲ ಮಾವ. ನನ್ನ ಕಣ್ಣೊಳಗಿದೆ. ಅಮ್ಮಂಗೆ ಬಂದಿದ್ದೇ ನಂಗೂ ಬಂದಿದೆ. ನಂಗೆ ಹೆದರಿಕೆ ಆಗ್ತಿದೆ."

ಮಾವ ಪೆನ್ನು ಕಿತ್ತುಕೊಂಡರು. "ಹೊಡೆದುಹಾಕ್ಬೇಡ, ಹಾಗೇ ಇರ್ಲಿ. ಲೇ ಹುಡುಗಾ, ಇಸ್ತ್ರಿ ಆರ್ಸು! ವ್ಯಾನ್ ತೆಗಿ!" ಎಂದು ಅವರು ಕೂಗಿದ ಕೂಗಿಗೆ ಐವತ್ತರ ತಮ್ಮ ನಿಜಕ್ಕೂ ಹುಡುಗನಂತೆ ಓಡಿದ.

ಬಟ್ಟೆ ತಲುಪಿಸುವ ವ್ಯಾನಿನಲ್ಲಿ, ತೂಗಾಡುವ ಕೋಟುಗಳ ಕೆಳಗೆ ಕೂತು ಅಕ್ಕ ಕಣ್ಣಾಸ್ಪತ್ರೆಗೆ ಹೋದಳು. ದಾರಿಯುದ್ದಕ್ಕೂ ಬಿಸಿಲು ಬರುತ್ತಿತ್ತು, ಹೋಗುತ್ತಿತ್ತು. ಪ್ರತಿ ಸಲ ಕತ್ತಲಾದಾಗಲೂ ಮೋಡವೋ, ಪರದೆಯೋ ಎಂದು ಮಾವನ ತೋಳು ಹಿಡಿಯುತ್ತಿದ್ದಳು. "ಮೋಡ ಕಣೇ, ಬರೀ ಮೋಡ," ಎನ್ನುತ್ತಿದ್ದರು ಮಾವ.

ಡಾಕ್ಟರಮ್ಮ ಕಣ್ಣಿಗೆ ಔಷಧಿ ಬಿಟ್ಟು, ಕತ್ತಲೆ ಕೋಣೆಯಲ್ಲಿ ದೀಪ ಹಾಯಿಸಿ ನೋಡಿದರು.

"ಯಾವಾಗಿಂದ?"

"ಮಂಗಳವಾರ ಹನ್ನೊಂದು ಇಪ್ಪತ್ತರಿಂದ."

ಡಾಕ್ಟರಮ್ಮನ ಕೈ ನಿಂತಿತು. "ಎಲ್ರೂ ಒಂದು ವಾರ, ಹತ್ತು ದಿನ ಅಂತಾರೆ. ನಿಮಿಷ ಹೇಳಿದವ್ರು ನೀವೇ ಮೊದ್ಲು. ನೋಡಿ, ಕಣ್ಣಿನ ಹಿಂದೆ ಒಂದು ತೆಳು ಪದರ ಇರತ್ತೆ. ಅದು ಒಂದು ಕಡೆ ಹರಿದಿದೆ, ಅಂಚು ಏಳೋಕೆ ಶುರುವಾಗಿದೆ. ಇನ್ನು ನಾಲ್ಕು ದಿನ ಬಿಟ್ಟಿದ್ರೆ ಪೂರ್ತಿ ಕಳಚ್ಕೊಳ್ತಿತ್ತು. ಇವತ್ತೇ ಲೇಸರ್ ಮಾಡೋಣ. ಹರಿದಿದ್ದನ್ನ ಮುಚ್ಚಲ್ಲ, ಸುತ್ತ ಚುಕ್ಕೆ ಚುಕ್ಕೆಯಾಗಿ ಅಂಟಿಸ್ತೀನಿ."

"ಮುಂದಕ್ಕೆ ಹರೀದೇ ಇರ್ಲಿ ಅಂತ," ಎಂದಳು ಅಕ್ಕ. ಆ ಒಂದು ವಿಷಯ ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ದೂರ ದೂರ ಹಾಕ್ಬೇಡಿ ಡಾಕ್ಟ್ರೇ, ಒತ್ತೊತ್ತಾಗಿ ಹಾಕಿ."

"ಆಗ್ಲಮ್ಮ, ಒತ್ತೊತ್ತಾಗೇ ಹಾಕ್ತೀನಿ. ಆದ್ರೆ ಆ ಕಪ್ಪು ಚುಕ್ಕೆಗಳು ಪೂರ್ತಿ ಹೋಗ್ಲಿಕ್ಕಿಲ್ಲ. ಹೊಸದಾಗಿ ಬಂದ್ರೆ ಮಾತ್ರ ಅದೇ ದಿನ ಓಡಿ ಬರ್ಬೇಕು. ಎರಡು ದಿನ ಸುಮ್ನೆ ಕೂರೋ ಹಾಗಿಲ್ಲ, ತಿಳೀತಾ?"

ಅಕ್ಕ ಮಗುವಿನಂತೆ ತಲೆಯಾಡಿಸಿದಳು.

ಹನ್ನೆರಡು ದಿನದ ಮೇಲೆ ಆಕೆ ಮತ್ತೆ ಕಿಟಕಿಯ ಬಳಿ ಕೂತಿದ್ದಳು. ಪಕ್ಕದಲ್ಲಿ ಸ್ಟೂಲಿನ ಮೇಲೆ ಮಾವ. ಮೋಡ ಸರಿದು ಬೀದಿಗೆ ಬಿಸಿಲು ಬಿತ್ತು. ಬೇಲಿಯ ಕಡೆ ಏನೋ ಅಲುಗಿತು. ಅಕ್ಕನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ದೇವರೇ, ಮತ್ತೆ ಬೇಡ.

ಕಣ್ಣನ್ನು ಅಲುಗಿಸದೆ ಹಿಡಿದಳು. ಕಪ್ಪು ಚಿಟ್ಟೆ, ಈಗ ಹಳೆಯ ಪರಿಚಯದ್ದು, ಮೆಲ್ಲಗೆ ಕೆಳಗಿಳಿದು ಕೂತಿತು. ಆದರೆ ಅಲ್ಲಿ ಇನ್ನೊಂದಿತ್ತು. ಅದು ಕೆಳಗಿಳಿಯಲಿಲ್ಲ, ಮೇಲೇರಿತು. ಎಡಗಣ್ಣು ಮುಚ್ಚಿದಳು, ಇತ್ತು. ಬಲಗಣ್ಣು ಮುಚ್ಚಿದಳು, ಇತ್ತು. ಹಳದಿ ಬಣ್ಣದ್ದು.

"ಮಾವ," ಎಂದಳು. "ಬೇಲಿ ಮೇಲೆ ನಿಮಗೇನಾದ್ರೂ ಕಾಣ್ತಾ? ನಿಜ ಹೇಳಿ."

ಮಾವ ಗಾಜಿಗೆ ಮೂಗು ಹಚ್ಚಿ ನೋಡಿದರು. "ಹಳದಿ. ಬಿಸಿಲಿದೆ. ಹಾರ್ತಿದೆ. ಹತ್ತೂ ಮುಕ್ಕಾಲು. ಬರ್ಕೋ, ಈ ವರ್ಷವೂ ನೀನೇ ಗೆದ್ದೆ."

ಅಕ್ಕ ಪೆನ್ನು ಹಿಡಿದು ಎದ್ದಳು, ಬರೆಯಲಾಗಲಿಲ್ಲ. ಕಪ್ಪು ಚಿಟ್ಟೆ ಬರೆದಿದ್ದ ಆ ಮಂಗಳವಾರದ ಚೌಕದ ಮುಂದೆ ನಿಂತು ಗೊಳೋ ಎಂದು ಅತ್ತುಬಿಟ್ಟಳು.

"ಗೆದ್ದವ್ರು ಅಳ್ತಾರೇನೇ? ಅತ್ರೆ ನಾನು ಅಳ್ಬೇಕು," ಎಂದರು ಮಾವ.

"ಅಮ್ಮ ಸೊಳ್ಳೆ ಅಂದಾಗ ನಾವು ನಕ್ಕುಬಿಟ್ವಿ ಮಾವ. ಸೊಳ್ಳೆ ಎಲ್ಲಿದೆ, ಸುಳ್ಳು ಹೇಳ್ತೀಯಾ ಅಂತ ನಿಮ್ಮ ಹಾಗೆ ಒಬ್ರಾದ್ರೂ ಅವಳ ಜೊತೆ ಜಗಳ ಆಡ್ಬೇಕಿತ್ತು."